ಕಲ್ಲಿನ ಅರ್ಥವನ್ನು ಹೇಳಿದವರು

ಜೋರ್ಡನ್ ನದಿಯನ್ನು ದಾಟಿದ ಇಸ್ರಯೇಲರು ಗಿಲ್ಗಾಲಿನಲ್ಲಿ ಹನ್ನೆರಡು ಕಲ್ಲುಗಳನ್ನು ನಿಲ್ಲಿಸಿದರು. ಮುಂದೆ ಮಕ್ಕಳು ಅವುಗಳ ಅರ್ಥವನ್ನು ಕೇಳಿದಾಗ ಕೊಡಬೇಕಾದ ಉತ್ತರವನ್ನೂ ಯೆಹೋಶುವನು ಜನರಿಗೆ ಕಲಿಸಿಕೊಟ್ಟನು. ಕಲ್ಲನ್ನು ನಿಲ್ಲಿಸಿದರೆ ಅರ್ಧ ಕೆಲಸವಾದಂತೆ. ಅದರ ಅರ್ಥವನ್ನು ಹೇಳಬಲ್ಲವರೂ ಉಳಿಯಬೇಕು. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಬರಹದ ಕಲ್ಲುಗಳಿಗೆ ಎಂದೂ ಬರವಿರಲಿಲ್ಲ. ಆದರೆ ಹಳೆಯ ಲಿಪಿಯನ್ನು ಬಲ್ಲವರು ವಿರಳರಾಗಿ, ಅವು ಬಹುಕಾಲ ಮೌನವಾಗಿ ನಿಂತಿದ್ದವು.

ಆ ಮೌನವನ್ನು ಮುರಿದವರಲ್ಲಿ ಪ್ರಮುಖರು ಬೆಂಜಮಿನ್ ಲೂಯಿಸ್ ರೈಸ್. 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಇವರು ಲಂಡನ್ ಮಿಷನ್ನಿನ ಧರ್ಮಪ್ರಚಾರಕರೊಬ್ಬರ ಮಗ. ಶಾಲೆಗಳ ತನಿಖಾಧಿಕಾರಿಯಾಗಿ ಮೈಸೂರು ಸಂಸ್ಥಾನವನ್ನು ಸುತ್ತಿದ ಅವರು, ಮುಂದೆ ಪ್ರಾಚ್ಯವಸ್ತು ಸಂಶೋಧನೆಯ ಹೊಣೆಯನ್ನು ಹೊತ್ತು 1906ರಲ್ಲಿ ನಿವೃತ್ತರಾದರು. 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಬೆಳಕಿಗೆ ತಂದರು. ಶಿಕಾರಿಪುರದ ಶಾಸನಗಳು 1902ರ ಏಳನೆಯ ಸಂಪುಟದಲ್ಲಿಯೂ ಸೊರಬದವು 1904ರ ಎಂಟನೆಯ ಸಂಪುಟದಲ್ಲಿಯೂ ಇವೆ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭವನ್ನು ರೈಸ್ 1894ರಲ್ಲಿ ಗುರುತಿಸಿದರು. ಕಂಚಿಗೆ ವಿದ್ಯಾರ್ಜನೆಗೆಂದು ಹೋದ ಮಯೂರಶರ್ಮನು ಅವಮಾನಕ್ಕೆ ನೊಂದು, ದರ್ಭೆಯನ್ನು ಬಿಟ್ಟು ಖಡ್ಗ ಹಿಡಿದು ಕದಂಬ ರಾಜ್ಯವನ್ನು ಕಟ್ಟಿದ ಕಥೆ ನಮಗೆ ತಿಳಿದದ್ದು ಐದನೆಯ ಶತಮಾನದ ಈ ಸಂಸ್ಕೃತ ಶಾಸನದಿಂದ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವಂತೂ ನಮ್ಮಂಥವರು ನಿಂತು ಓದಬೇಕಾದದ್ದು. ಅಲ್ಲಿ ವೇದ, ವ್ಯಾಕರಣಗಳ ಜೊತೆಗೆ ಬೌದ್ಧವೂ ಸೇರಿದಂತೆ ನಾನಾ ದರ್ಶನಗಳ ವ್ಯಾಖ್ಯಾನ ನಡೆಯುತ್ತಿತ್ತು. ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನವಿತ್ತು. ಅನಾಥ ರೋಗಿಗಳಿಗೆ ಔಷಧವಿತ್ತು.

ರೈಸರ ಆಸಕ್ತಿ ಗತಕಾಲಕ್ಕಷ್ಟೇ ಸೀಮಿತವಾಗಿರಲಿಲ್ಲ. 1870ರ ದಶಕದಲ್ಲಿ ಪ್ರಕಟವಾದ ಅವರ ಮೈಸೂರು-ಕೊಡಗು ಗೆಜೆಟಿಯರಿನಲ್ಲಿ ಆ ಕಾಲದ ಬೆಳೆ, ಕಾಡು, ಕಸುಬು, ಜನಜೀವನಗಳ ವಿವರಗಳಿವೆ. ಸೊರಬ, ಸಾಗರಗಳ ಗುಡಿಗಾರರು ಶ್ರೀಗಂಧದಲ್ಲಿ ಮಾಡುವ ಸೂಕ್ಷ್ಮ ಕೆತ್ತನೆಯೂ ಅವರ ಕಣ್ಣಿಗೆ ಬಿತ್ತು. ಪ್ರಾಚೀನ ಕನ್ನಡ ಕೃತಿಗಳನ್ನು ಅಚ್ಚಿಗೆ ತಂದವರೂ ಅವರೇ. ಅರಸನ ದಾನಶಾಸನವನ್ನು ಓದಿದ ಕಣ್ಣೇ ಬಡ ಕುಶಲಕರ್ಮಿಯ ಕೈಯನ್ನೂ ಕಂಡಿತು.

ಕ್ರೈಸ್ತ ಮನೆತನದಲ್ಲಿ ಬೆಳೆದವರು ಶೈವ, ವೈಷ್ಣವ, ಜೈನ, ಬೌದ್ಧ ದಾಖಲೆಗಳಿಗೆ ಜೀವಮಾನವನ್ನೇ ಮುಡಿಪಾಗಿಡಬಹುದೇ ಎಂದು ಕೇಳುವವರು ಇಂದಿಗೂ ಇದ್ದಾರೆ. ಪರರ ಭಕ್ತಿಯನ್ನು ಪ್ರಾಮಾಣಿಕವಾಗಿ ದಾಖಲಿಸುವುದರಿಂದ ನಮ್ಮ ವಿಶ್ವಾಸ ಕುಂದುವುದಿಲ್ಲ. ಅನ್ಯಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ರೈಸರ ಕೆಲವು ಓದುಗಳನ್ನು ಮುಂದಿನ ವಿದ್ವಾಂಸರು ತಿದ್ದಿದ್ದಾರೆ. ಅವರು ಅನುವಾದವನ್ನಷ್ಟೇ ಕೊಡದೆ ಮೂಲಪಾಠವನ್ನೂ ಮುಂದಿಟ್ಟದ್ದರಿಂದಲೇ ಈ ತಿದ್ದುಪಡಿ ಸುಲಭವಾಯಿತು. ತನ್ನ ಮಾತನ್ನು ಪರೀಕ್ಷಿಸಲು ಇತರರಿಗೆ ದಾರಿ ಬಿಡುವುದು ಇತಿಹಾಸಕಾರನ ವಿನಯ.

ಆದರೆ ಎಲ್ಲವೂ ಕಲ್ಲಿಗೇರುವುದಿಲ್ಲ. ಇದೇ ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತಾನು ಸ್ವತಂತ್ರವೆಂದು ಘೋಷಿಸಿಕೊಂಡಿತು. ಆ ಸೆಪ್ಟೆಂಬರಿನ ಘರ್ಷಣೆಯಲ್ಲಿ ಅಮಲ್ದಾರರೂ ಒಬ್ಬ ಪೊಲೀಸ್ ಅಧಿಕಾರಿಯೂ ಹತರಾದರು. 1943ರ ಮಾರ್ಚ್ ತಿಂಗಳಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಇಂತಹ ನೋವಿನ ಚರಿತ್ರೆ ಕಡತಗಳಲ್ಲಿ ಎಷ್ಟು ಉಳಿಯುವುದೋ ಅಷ್ಟೇ ಮನೆಮನೆಯ ನೆನಪಿನಲ್ಲಿಯೂ ಉಳಿಯುತ್ತದೆ. ಆ ನೆನಪು ಹಿರಿಯರೊಡನೆ ಮಣ್ಣಾಗುವುದಕ್ಕೆ ಮುಂಚೆ ಬರೆದಿಡುವವರು ಬೇಕು.

ನಮ್ಮ ಧರ್ಮಕೇಂದ್ರಗಳಿಗೂ ಈ ಮಾತು ಸಲ್ಲುತ್ತದೆ. ದೀಕ್ಷಾಸ್ನಾನದ, ವಿವಾಹದ, ಮರಣದ ಹಳೆಯ ದಾಖಲೆ ಪುಸ್ತಕಗಳು ಗೆದ್ದಲಿಗೆ ಆಹಾರವಾಗದಿರಲಿ. ಅಜ್ಜ ಯಾವ ಊರಿನಿಂದ ಬಂದರು, ಮೊದಲ ಪ್ರಾರ್ಥನೆ ಯಾರ ಜಗುಲಿಯಲ್ಲಿ ನಡೆಯಿತು, ಕಷ್ಟಕಾಲದಲ್ಲಿ ನೆರವಾದ ಅನ್ಯಧರ್ಮದ ನೆರೆಯವರು ಯಾರು ಎಂಬುದನ್ನು ಹಿರಿಯರಿಂದ ಕೇಳಿ, ಹೇಳಿದವರ ಹೆಸರು, ದಿನಾಂಕಗಳೊಡನೆ ಬರೆದಿಡೋಣ. ಹೊಲದ ಬದುವಿನಲ್ಲಿ ಬರಹವಿರುವ ಕಲ್ಲು ಕಂಡರೆ ಅದನ್ನು ಬಟ್ಟೆ ಒಗೆಯುವ ಬಂಡೆಯಾಗಿಸದೆ, ಬಲ್ಲವರಿಗೆ ತಿಳಿಸೋಣ. ನಮ್ಮ ಮಕ್ಕಳು ಕೇಳುವ ದಿನ ಬರುತ್ತದೆ; ಅಂದು ಅವರಿಗೆ ಉತ್ತರ ಸಿಗಬೇಕು.