ಖಾಲಿ ಬರಾಕು, ತಿಂಗಳಿಗೆ ನಲವತ್ತು ರೂಪಾಯಿ

"ನಿಮಗೇನಪ್ಪಾ, ಎಲ್ಲಾ ಸರಕಾರ ಪುಕ್ಕಟೆ ಕೊಡತೈತಿ" ಅಂತ ಯಾರಾದರೂ ಅಂದರೆ, ಸಿಟ್ಟಿಗೇಳುವ ಮೊದಲು ನಮ್ಮ ಸೊಲ್ಲಾಪುರದ ಇತಿಹಾಸ ಒಮ್ಮೆ ನೋಡ್ರಿ.

ಬಾಬಾಸಾಹೇಬರು ಮುಂಬಯಿಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದ್ದು 1924ರ ಜುಲೈ 20ರಂದು. ಆರು ತಿಂಗಳು ತುಂಬುವುದರೊಳಗೆ, 1925ರ ಜನವರಿ 4ರಂದು, ಸಭೆಯ ಬೋರ್ಡಿಂಗ್ ಸುರುವಾಯಿತು. ಎಲ್ಲಿ ಅಂತೀರಿ? ಮುಂಬಯಿಯಲ್ಲಲ್ಲ, ನಮ್ಮ ಸೊಲ್ಲಾಪುರದಲ್ಲಿ! ಹುಡುಗರ ಊಟ, ಬಟ್ಟೆ, ಬರೆಯುವ ಸಾಮಾನಿನ ಖರ್ಚು ಸಭೆ ಹೊತ್ತಿತು. ಮುನ್ಸಿಪಾಲ್ಟಿ ತಿಂಗಳಿಗೆ 40 ರೂಪಾಯಿ ಕೊಡುತ್ತಿತ್ತು. ಬೋರ್ಡಿಂಗ್ ನೋಡಿಕೊಂಡವರು ಸಮಾಜಸೇವಕ ಜೀವಪ್ಪಾ ಐದಾಳೆ. ಅವರು ಮುನ್ಸಿಪಾಲ್ಟಿ ಸದಸ್ಯರೂ ಹೌದು. ಅಂದರೆ ಸರಕಾರದ ರೊಕ್ಕ ಬರುವ ಕಡೆಯೂ ಅವರು, ಹುಡುಗರು ಉಣ್ಣುವ ಕಡೆಯೂ ಅವರು. ಆ ಹುಡುಗರು ತಮ್ಮದೇ ಒಂದು ಮಾಸಿಕ ಕೂಡ ನಡೆಸಿದರು. ಈ ಸಂಚಿಕೆ ಕೈಯಾಗ ಹಿಡಿದ ನೀವು ಅದನ್ನು ನೆನಪಿಡಬೇಕು.

ನನಗಂತೂ ಆ 40 ರೂಪಾಯಿಗೆ 'ದಾನ' ಅನ್ನೋದು ಸೇರಂಗಿಲ್ಲ. ಊರಿನ ರೊಕ್ಕ ಅದು. ಊರಿನ ರಸ್ತೆ ಗುಡಿಸಿದವರ, ಗಿರಣಿಯಾಗ ದುಡಿದವರ ಬೆವರೂ ಅದರಾಗ ಐತಿ.

ಇಪ್ಪತ್ತು ವರ್ಷದ ನಂತರ ಇದೇ ಕೆಲಸ ದೊಡ್ಡದಾಯಿತು. 1945ರ ಜುಲೈನಲ್ಲಿ ಬಾಬಾಸಾಹೇಬರು ಪೀಪಲ್ಸ್ ಎಜುಕೇಶನ್ ಸೊಸಾಯಟಿ ಸ್ಥಾಪಿಸಿದರು. ಮರುತಿಂಗಳೇ ಎರಡನೇ ಮಹಾಯುದ್ಧ ಮುಗಿಯಿತು. ಯುದ್ಧಕ್ಕೆಂದು ಎಬ್ಬಿಸಿದ್ದ ಮಿಲಿಟರಿ ಬರಾಕುಗಳು ಸರಕಾರಕ್ಕೆ ಇನ್ನು ಬೇಡಾದವು. 1946ರ ಜೂನ್ 20ರಂದು ಮುಂಬಯಿಯ ಮರೀನ್ ಲೈನ್ಸಿನ ಅಂಥ ಬರಾಕುಗಳಲ್ಲೇ ಸಿದ್ಧಾರ್ಥ ಕಾಲೇಜು ಸುರುವಾಯಿತು. ಸಿಪಾಯಿಗಳು ಮಲಗಿದ್ದ ಜಾಗದಲ್ಲಿ ಬೆಂಚು, ಕರಿಹಲಗೆ ಬಂದವು. ಆಫೀಸಿನಲ್ಲಿ ದುಡಿಯುವ ಹುಡುಗರಿಗೆಂದು ಮುಂಜಾನೆ ತರಗತಿ ಇಟ್ಟರು: ಕಲಿತು, ಅಲ್ಲಿಂದಲೇ ಕೆಲಸಕ್ಕೆ. ಬಾಗಿಲು ಎಲ್ಲಾ ಜಾತಿಯವರಿಗೂ ತೆರೆದಿತ್ತು. ಪುಕ್ಕಟೆ ಮಾತಾಡುವವರಿಗೆ ಇದನ್ನೂ ಹೇಳ್ರಿ.

ಬರಾಕು ಬರೀ ತಗಡು, ಗೋಡೆ. ಹಂಗೇ ಬಿಟ್ಟಿದ್ದರೆ ಯಾರೋ ಹರಾಜಿನಾಗ ಒಯ್ಯುತ್ತಿದ್ದರು. ಕೇಳುವ ಒಂದು ಸಂಸ್ಥೆ ಮೊದಲೇ ತಯಾರಿತ್ತು; ಅದಕ್ಕೇ ಅದು ಕಾಲೇಜಾಯಿತು.

ಸೊಲ್ಲಾಪುರದ ಬೋರ್ಡಿಂಗಿನಲ್ಲಿ ನಿಮ್ಮ ಮುತ್ತಜ್ಜ, ಅವರ ಅಣ್ಣತಮ್ಮಂದಿರು ಯಾರಾದರೂ ಇದ್ದರೇನು? ಮನೆಯ ಹಿರಿಯರನ್ನು ಕೇಳ್ರಿ. ಟ್ರಂಕಿನಾಗ ಹಳೇ ಫೋಟೋ, ಪತ್ರ, ಸಾಲಿ ಸರ್ಟಿಫಿಕೇಟು ಏನಿದ್ದರೂ ಸಂಘಕ್ಕೆ ತಂದು ತೋರಿಸ್ರಿ. ನಕಲು ತೆಗೆದುಕೊಂಡು ಅಸಲು ನಿಮಗೇ ವಾಪಸ್ ಕೊಡ್ತೀವಿ.