ಗಾರೆ, ಗಿಲಾವು, ಸಿಮೆಂಟು

ಕಳೆದ ಆಷಾಢದಲ್ಲಿ ಊರಿಗೆ ಹೋದಾಗ ಅಪ್ಪ ನನ್ನನ್ನು ಮನೆಯೊಳಕ್ಕೆ ಬಿಡದೆ ನೇರವಾಗಿ ಬೀದಿ ಕಡೆಯ ಗೋಡೆಯ ಹತ್ತಿರ ಕರೆದುಕೊಂಡು ಹೋದರು. ನೆಲದಿಂದ ಮೂರಡಿ ಎತ್ತರದವರೆಗೆ ಸಿಮೆಂಟು ಹಪ್ಪಳದ ಹಾಗೆ ಎದ್ದಿತ್ತು. ತಟ್ಟಿದರೆ ಟೊಳ್ಳು ಸದ್ದು. ಒಂದು ಕಡೆ ಅಂಗೈಯಗಲದ ಚಕ್ಕೆ ಕಳಚಿ ಬಿದ್ದಿತ್ತು. ಒಳಗಿನ ಕೆಮ್ಮಣ್ಣು ಕಲಸಿಟ್ಟ ಹಿಟ್ಟಿನಷ್ಟು ಮೆತ್ತಗಿತ್ತು. ಮಧುಗಿರಿ ತಾಲ್ಲೂಕಿನ ಈ ಕಲ್ಲುಮಣ್ಣಿನ ಮನೆ ಮುತ್ತಜ್ಜ ಕಟ್ಟಿಸಿದ್ದು. ಎಂಬತ್ತು ಮಳೆಗಾಲ ತಡೆದ ಗೋಡೆ, ಸಿಮೆಂಟು ಮೆತ್ತಿಸಿದ ಮೂರನೇ ಮಳೆಗಾಲಕ್ಕೆ ಹೀಗಾಗಿತ್ತು.

ಗುತ್ತಿಗೆ ಹಿಡಿದವರನ್ನು ಬೈಯುವುದು ಸುಲಭ. ಅಪ್ಪ ಬೈದದ್ದೂ ಆಯಿತು. ಆದರೆ ಅವರು ಮಾತಿಗೆ ತಪ್ಪಿರಲಿಲ್ಲ. ಒಪ್ಪಿಕೊಂಡಂತೆ ಜಾಲರಿ ಬಡಿದು, ಒಂದಕ್ಕೆ ನಾಲ್ಕರ ಲೆಕ್ಕದಲ್ಲಿ ಮರಳು ಬೆರೆಸಿ, ಏಳು ದಿನ ನೀರು ಹೊಡೆದು ಕೊಟ್ಟಿದ್ದರು. ಗುತ್ತಿಗೆ ಮಾತಾಡುವ ದಿನ ಅಪ್ಪ ಕೇಳಿದ್ದು ಎರಡೇ: ಚದರಕ್ಕೆ ಎಷ್ಟು, ಎಷ್ಟು ದಿನದಲ್ಲಿ ಮುಗಿಯುತ್ತದೆ. ಈ ಗೋಡೆ ಯಾವುದರಿಂದ ಕಟ್ಟಿದ್ದು, ಅದರ ಮೇಲೆ ಏನು ನಿಲ್ಲುತ್ತದೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಹಳೆಯ ಕಾಗದಪತ್ರ ಓದುವ ಕಸುಬಿನವನಾದ್ದರಿಂದ ನನ್ನ ಗಮನ ಮೊದಲು ಹೋಗಿದ್ದು ಮಾತುಗಳ ಕಡೆಗೆ. ಗೋಡೆಗೆ ಮೆತ್ತುವುದಕ್ಕೆ ನಮ್ಮ ಕಡೆ 'ಗಿಲಾವು' ಎನ್ನುತ್ತಾರೆ. ಪಾರಸಿಯಲ್ಲಿ ಗಿಲ್ ಎಂದರೆ ಮಣ್ಣು, ಆಬ್ ಎಂದರೆ ನೀರು. ಕೆಲಸ ಮಾಡಿಸುವ ಮೇಸ್ತ್ರಿ ಪೋರ್ಚುಗೀಸರ 'ಮೆಸ್ತ್ರೆ'ಯಿಂದ ಬಂದವನು. ಗುತ್ತಿಗೆ ಮಾತ್ರ ನಮ್ಮದೇ ಹಳೆಯ ಪದ. ಶಾಸನಗಳಲ್ಲಿ ಅದು ಇಷ್ಟೆಂದು ಗೊತ್ತುಮಾಡಿದ ಗೇಣಿಗೆ, ತೆರಿಗೆಗೆ ಬರುತ್ತದೆ. ನೆಲಕ್ಕೆ ಸೇರಿದ್ದ ಮಾತು ಗೋಡೆಗೆ ಹತ್ತಿದ್ದು ಆಮೇಲೆ.

ಪಾರಸಿಯಲ್ಲಿ ಆಡಳಿತ ನಡೆದ ಊರು ನಮಗೆ ದೂರದ್ದಲ್ಲ. ಶಿರಾ 1638ರಲ್ಲಿ ಬಿಜಾಪುರದ ಕೈಸೇರಿ, 1687ರಿಂದ ಮೊಗಲರ ಸುಬೆಯ ಮುಖ್ಯಪಟ್ಟಣವಾಯಿತು. ಅಲ್ಲಿ 1651ರ ಮಲಿಕ್ ರಿಹಾನ್ ಗೋರಿ ಇದೆ, 1696ರಲ್ಲಿ ಕೆತ್ತಿದ ಕಲ್ಲಿನಿಂದ ಕಟ್ಟಿದ ಜುಮ್ಮಾ ಮಸೀದಿ ಇದೆ. ಇಲ್ಲದಿರುವುದು ದಿಲಾವರ್ ಖಾನನ ಅರಮನೆ. ಬೆಂಗಳೂರಿನಲ್ಲೂ ಶ್ರೀರಂಗಪಟ್ಟಣದಲ್ಲೂ ಹೈದರ್ ಮತ್ತು ಟಿಪ್ಪು ಕಟ್ಟಿಸಿದ ಅರಮನೆಗಳಿಗೆ ಅದೇ ಮಾದರಿಯಾಗಿತ್ತೆಂದು ರೈಸ್ ತಮ್ಮ ಗೆಜೆಟಿಯರಿನಲ್ಲಿ ಬರೆದಿದ್ದಾರೆ. ನಕಲು ಬೆಂಗಳೂರಿನ ಕೋಟೆ ಪ್ರದೇಶದಲ್ಲಿ ಇವತ್ತಿಗೂ ನಿಂತಿದೆ, ಮೂಲ ಕುಸಿದುಹೋಯಿತು. ಟಿಪ್ಪು ಶಿರಾದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿ ಗಂಜಾಮಿಗೆ ಸಾಗಿಸಿದನೆಂದೂ ರೈಸ್ ದಾಖಲಿಸುತ್ತಾರೆ. ಜನ ಹೋದ ಊರಿನಲ್ಲಿ ವರ್ಷಾವರ್ಷ ಗೋಡೆಗೆ ಸುಣ್ಣ ಹೊಡೆಯುವವರು ಯಾರು? ಮಸೀದಿಯ ಕಲ್ಲಿಗೆ ಆ ಆರೈಕೆ ಬೇಕಿರಲಿಲ್ಲ.

ಬಡವರ ಗೋಡೆಗೆ ಬೇಕಿತ್ತು. ಕೊರಟಗೆರೆ ಕಡೆ ಬಂಡೆ ಹೊಲದ ಮಗ್ಗುಲಲ್ಲೇ ಇರುವುದರಿಂದ ಕಲ್ಲಿನ ಗೋಡೆಯೇ ಹೆಚ್ಚು. ಬಂಡೆಯ ಮೇಲೆ ಬೆಂಕಿ ಹಾಕಿ ಪದರ ಎಬ್ಬಿಸಿ, ಉಳಿ ಸುತ್ತಿಗೆಯಿಂದ ಸೀಳುತ್ತಿದ್ದರು. ಅಂಥ ಗೋಡೆಗೆ ಸಂದು ತುಂಬಿದರೆ ಮುಗಿಯಿತು, ಹೊರಮೈಯ ಚಿಂತೆಯಿಲ್ಲ. ಮಳೆ ಕಡಿಮೆಯ ಪಾವಗಡದಲ್ಲಿ ಮಣ್ಣಿನ ಮಾಳಿಗೆ ಮನೆಗಳು. ಮಾಳಿಗೆಯ ಮೇಲೆ ಚೌಳು ಮಣ್ಣು ಹರಡುತ್ತಿದ್ದರು. ಬೆಳೆಗೆ ಬಾರದ ಆ ಉಪ್ಪುಮಣ್ಣು ನೆನೆದಾಗ ಬಿಗಿದುಕೊಂಡು ನೀರನ್ನು ಕೆಳಗಿಳಿಯಲು ಬಿಡುವುದಿಲ್ಲ. ಕೆಟ್ಟ ನೆಲದ ಮಣ್ಣೇ ಒಳ್ಳೆಯ ಸೂರಾಯಿತು.

ಉಳ್ಳವರು ಗಾರೆ ಮಾಡಿಸುತ್ತಿದ್ದರು. ಸುಣ್ಣಕಲ್ಲು ಸುಟ್ಟು, ನೀರು ಹಾಕಿ ಅರಳಿಸಿ, ಮರಳಿನ ಜೊತೆ ಗಾರೆಗಾಣಕ್ಕೆ ಸುರಿದು, ಎತ್ತು ಕಟ್ಟಿ ಕಲ್ಲಿನ ಚಕ್ರ ತಿರುಗಿಸಿ ಬೆಣ್ಣೆಯ ಹದಕ್ಕೆ ಅರೆಯಬೇಕು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರುತ್ತಿತ್ತು. ಮೆತ್ತಿದ ಮೇಲೆ ಸುಣ್ಣ ಗಾಳಿಯಿಂದ ಇಂಗಾಲವನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ, ಆದರೂ ಅದರಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ. ನೆಲದಿಂದ ಮಣ್ಣಿನ ಗೋಡೆ ಹೀರಿದ ತೇವ ಆ ರಂಧ್ರಗಳಿಂದ ಹೊರಕ್ಕೆ ಹೋಗುತ್ತದೆ. ಸಿಮೆಂಟು ಆ ದಾರಿ ಮುಚ್ಚುತ್ತದೆ. ಬಿರುಕಿನಿಂದ ಒಳಗೆ ಹೋದ ನೀರಿಗೂ ನೆಲದಿಂದ ಏರಿದ ನೀರಿಗೂ ಹೊರಬರಲು ಜಾಗವಿಲ್ಲ. ನಮ್ಮ ಗೋಡೆಗೆ ಆಗಿದ್ದು ಇದೇ.

ಉಳಿದವರಿಗೆ ಇದ್ದದ್ದು ಸಗಣಿ, ಕೆಮ್ಮಣ್ಣು, ಸುಣ್ಣ. ಯುಗಾದಿಗೆ ಮುಂಚೆ, ಇಲ್ಲವೆ ದಂಡಿನ ಮಾರಮ್ಮನ ಜಾತ್ರೆಗೆ ಮುಂಚೆ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಗೋಡೆ ಸಾರಿಸುತ್ತಿದ್ದಳಂತೆ. ಬಿರುಕು ಎಲ್ಲಿದೆ, ಇಲಿ ಎಲ್ಲಿ ಕೊರೆದಿದೆ ಎಂದು ಅವಳ ಅಂಗೈಗೆ ಗೊತ್ತಾಗುತ್ತಿತ್ತು. ಈ ದುಡಿಮೆಯನ್ನು ಹಾಡಿ ಹೊಗಳುವುದು ನನಗೆ ಬೇಡ. 'ಸೊಂಟ ಹಿಡ್ಕೊಂಡು ಹೋಗದು, ಸಿಮೆಂಟು ಬಂದಿದ್ದೇ ಪುಣ್ಯ' ಎನ್ನುತ್ತಾಳೆ ಅಮ್ಮ. ಕೂಲಿಯಿಲ್ಲದ ಕೆಲಸ ಹೆಂಗಸರ ಕೈತಪ್ಪಿತು ಎಂಬುದನ್ನು ನಷ್ಟದ ಪಟ್ಟಿಗೆ ಸೇರಿಸಲಾಗದು.

ಆ ಸಿಮೆಂಟು ಬಂದಿದ್ದೂ ಇದೇ ಜಿಲ್ಲೆಯಿಂದ. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಮೈಸೂರು ಸಿಮೆಂಟ್ಸ್ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಶುರುವಾಯಿತು. ಕಾರ್ಖಾನೆ ಹತ್ತಿರವಿದ್ದರೂ ಚೀಲ ಸುಲಭವಾಗಿ ಸಿಗುತ್ತಿರಲಿಲ್ಲ. ಸರ್ಕಾರದ ಹತೋಟಿ 1982ರಲ್ಲಿ ಸಡಿಲವಾಗಿ, 1989ರಲ್ಲಿ ಪೂರ್ತಿ ಹೋಗುವವರೆಗೆ ಪರ್ಮಿಟ್ ಹಿಡಿದು ಕಾಯಬೇಕಿತ್ತು. ಕಾದು ತಂದದ್ದಕ್ಕೆ ಬೆಲೆ ಹೆಚ್ಚು. ಸಿಮೆಂಟಿನ ಗೋಡೆ ಮನೆತನದ ಅಂತಸ್ತಾಯಿತು. ಈಗ ಅದೂ ಸಾಲದು. ಮಧುಗಿರಿಯ ಬಸ್‌ಸ್ಟ್ಯಾಂಡಿನಿಂದ ಹೊರಟರೆ ಹೊಸ ಮನೆಗಳ ಮುಂಭಾಗಕ್ಕೆಲ್ಲ ಕಲ್ಲಿನಂತೆ ಕಾಣುವ ಟೈಲ್ಸ್. ಅದಕ್ಕೆ 'ಎಲಿವೇಷನ್' ಎನ್ನುತ್ತಾರೆ. ಏಕಶಿಲಾ ಬೆಟ್ಟದ ಬುಡದಲ್ಲಿ ಕಲ್ಲಿನ ಚಿತ್ರ ಅಂಟಿಸಿಕೊಂಡ ಮನೆಗಳು!

ದೀಪಾವಳಿ ಕಳೆದ ಮೇಲೆ ಇಬ್ಬರನ್ನು ಕರೆಸಿದೆವು. ಮೊದಲನೆಯವರು ಟೇಪು ಹಿಡಿದು ಅಳೆದು, ಮೆಟೀರಿಯಲ್ ಸಮೇತ ಚದರದ ಲೆಕ್ಕ ಬರೆದುಕೊಟ್ಟರು. ಟೈಲ್ಸಿಗೆ ಹತ್ತು ವರ್ಷ ಏನೂ ಆಗದಂತೆ. ಎರಡನೆಯವರು ಶಿರಾ ಕಡೆಯ ಮುದುಕರು, ಗುಡಿಗಳಿಗೆ ಗಾರೆ ಕೆಲಸ ಮಾಡಿದವರು. ಗೋಡೆಗೆ ಕಿವಿಯಿಟ್ಟು ಉದ್ದಕ್ಕೂ ತಟ್ಟಿಕೊಂಡು ಹೋದರು.

'ಉಸ್ರಾಡಕ್ಕೇ ಬಿಟ್ಟಿಲ್ವಲ್ಲ ಕಣಪ್ಪ. ಎಲ್ಲ ಕಿತ್ತಾಕಿ. ಒಂದು ಬೇಸ್ಗೆ ಒಣುಗ್ಲಿ. ಆಮ್ಯಾಕೆ ನೋಡಾನ.'

'ಚದರಕ್ಕೆ ಎಷ್ಟಾಗುತ್ತೆ ಹೇಳಿ ಯಜಮಾನ್ರೇ' ಎಂದರು ಅಪ್ಪ.

'ಚದರದ ಮಾತು ಆಡಕ್ಕಾಗಲ್ಲ. ಗ್ವಾಡೆ ಎಷ್ಟು ದಿನ ಕೇಳುತ್ತೋ ಅಷ್ಟು ದಿನದ ಕೂಲಿ ಕೊಡಿ.'

ಅಪ್ಪ ಮಾತಾಡಲಿಲ್ಲ. ಲೆಕ್ಕಕ್ಕೆ ಸಿಗದ ಗುತ್ತಿಗೆಗೆ ಒಪ್ಪುವುದು ಅವರಂಥ ಸಂಬಳದಾರರಿಗೆ ಕಷ್ಟ, ನನಗೂ ಕಷ್ಟವೇ. ಕೊನೆಗೆ ಹಿಂದಿನ ಗೋಡೆಗೆ ಮೊದಲು ಗಾರೆ, ಅದು ಒಂದು ಮಳೆಗಾಲ ನಿಂತರೆ ಬೀದಿಯ ಗೋಡೆಗೂ ಅದೇ ಎಂದು ಒಪ್ಪಂದವಾಯಿತು. ಬೀದಿ ಗೋಡೆಯ ಸಿಮೆಂಟನ್ನು ಮಾತ್ರ ಈಗಲೇ ಕಿತ್ತಿದ್ದೇವೆ. ಅದು ಮೂರು ತಿಂಗಳಿಂದ ಬರಿಮೈಯಲ್ಲಿ ಬಿಸಿಲು ಕಾಯುತ್ತಿದೆ. ದಾರಿಯಲ್ಲಿ ಹೋಗುವವರು ನಿಂತು, ಮನೆ ಕೆಡವುತ್ತಿದ್ದೀರಾ ಎಂದು ಅಮ್ಮನನ್ನು ಕೇಳುತ್ತಾರಂತೆ.