ಕೋಚ್ ಆಟಗಾರನನ್ನು ಬೆಳೆಸಿದರೋ, ಆಟಗಾರ ಕೋಚ್‌ನನ್ನೋ?

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಯುಸಿಎಲ್‌ಎ ಎಂಬ ವಿಶ್ವವಿದ್ಯಾಲಯವಿದೆ. ಅಲ್ಲಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಸೇರಿದ ಹುಡುಗರಿಗೆ ಮೊದಲ ಪಾಠ ಚೆಂಡಿನದ್ದಲ್ಲ, ಸಾಕ್ಸಿನದ್ದು. ಕೋಚ್ ಜಾನ್ ವುಡನ್ ಎದುರಿಗೆ ಕೂತು, ಬೆರಳಿನಿಂದ ಹಿಮ್ಮಡಿಯವರೆಗೆ ಸುಕ್ಕಿಲ್ಲದಂತೆ ಸಾಕ್ಸ್ ಹೇಗೆ ಎಳೆದುಕೊಳ್ಳಬೇಕು, ಆಮೇಲೆ ಶೂ ದಾರ ಹೇಗೆ ಬಿಗಿಯಬೇಕು ಎಂದು ತೋರಿಸುತ್ತಿದ್ದರು. ಸುಕ್ಕು ಉಳಿದರೆ ಕಾಲಲ್ಲಿ ಗುಳ್ಳೆ ಏಳುತ್ತದೆ, ಗುಳ್ಳೆ ಎದ್ದವನು ಓಡಲಾರ. ಲೆಕ್ಕ ಅಷ್ಟೇ.

ಈ ಮನುಷ್ಯನ ತಂಡ 1964ರಿಂದ 1975ರವರೆಗಿನ 12 ವರ್ಷಗಳಲ್ಲಿ 10 ಸಲ ಅಮೆರಿಕದ ಕಾಲೇಜು ಚಾಂಪಿಯನ್ ಆಯಿತು. ನಡುವೆ ಒಮ್ಮೆ ಸತತ 88 ಪಂದ್ಯ ಗೆದ್ದಿತು. ಹಾಗಾದರೆ ಎಲ್ಲವೂ ಕೋಚ್ ಮಹಿಮೆಯೇ? ಹಾಗೆ ಹೇಳುವ ಮೊದಲು ಇನ್ನೊಂದು ಲೆಕ್ಕವನ್ನೂ ನೋಡಬೇಕು. ವುಡನ್ ಯುಸಿಎಲ್‌ಎಗೆ ಬಂದದ್ದು 1948ರಲ್ಲಿ. ಮೊದಲ 15 ವರ್ಷ ಒಂದೇ ಒಂದು ರಾಷ್ಟ್ರೀಯ ಪ್ರಶಸ್ತಿ ಇಲ್ಲ. ಸಾಕ್ಸ್ ಪಾಠ ಆಗಲೂ ಇತ್ತು!

ವುಡನ್ ಹುಟ್ಟಿದ್ದು 1910ರಲ್ಲಿ, ಇಂಡಿಯಾನಾ ರಾಜ್ಯದ ರೈತನ ಮನೆಯಲ್ಲಿ. ಬೆಳೆದ ಮನೆಗೆ ಕರೆಂಟ್ ಇರಲಿಲ್ಲ, ನಲ್ಲಿ ನೀರೂ ಇರಲಿಲ್ಲ. ಅಪ್ಪ ಟೊಮೆಟೊ ಬುಟ್ಟಿಯ ತಳ ತೆಗೆದು ಕೊಟ್ಟಿಗೆಯಲ್ಲಿ ರಿಂಗ್ ಕಟ್ಟಿಕೊಟ್ಟರು. ಅಮ್ಮ ಹಳೆಯ ಕಾಲುಚೀಲಕ್ಕೆ ಚಿಂದಿ ತುಂಬಿ ಚೆಂಡು ಹೊಲಿದುಕೊಟ್ಟರು. ಆಮೇಲೆ ಹೊಲವೂ ಕೈಬಿಟ್ಟಿತು. ಅಲ್ಲಿಂದ ಎದ್ದ ಹುಡುಗ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ದೊಡ್ಡ ಆಟಗಾರನಾದ, ಆಮೇಲೆ ಇಂಗ್ಲಿಷ್ ಮೇಷ್ಟ್ರಾದ, ಜೊತೆಗೇ ಕೋಚ್ ಆದ.

ಯುಸಿಎಲ್‌ಎಗೆ ಬರುವ ಮುಂಚೆ ಇಂಡಿಯಾನಾ ಸ್ಟೇಟ್ ಎಂಬ ಸಣ್ಣ ಕಾಲೇಜಿನಲ್ಲಿ ಎರಡು ವರ್ಷ ಇದ್ದರು. 1947ರಲ್ಲಿ ಆ ತಂಡಕ್ಕೆ ರಾಷ್ಟ್ರಮಟ್ಟದ ಟೂರ್ನಿಯ ಕರೆ ಬಂತು. ಕಪ್ಪು ಆಟಗಾರರಿಗೆ ಅಲ್ಲಿ ಪ್ರವೇಶವಿರಲಿಲ್ಲ. ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕಪ್ಪು ಹುಡುಗನಿದ್ದ. ಅವನು ಮುಖ್ಯ ಆಟಗಾರನೂ ಅಲ್ಲ, ಬೆಂಚಿನಲ್ಲಿ ಕೂರುವವನು. ವುಡನ್ ಕರೆಯನ್ನೇ ತಿರಸ್ಕರಿಸಿದರು. ಮರುವರ್ಷ ನಿಯಮ ಬದಲಾಯಿತು. ವಾಕರ್ ಆ ಟೂರ್ನಿಯಲ್ಲಿ ಆಡಿದ ಮೊದಲ ಕಪ್ಪು ಆಟಗಾರನಾದ. ಈ ಘಟನೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲ ಪ್ರಶಸ್ತಿ ತಂದ 1964ರ ತಂಡ ಕುಳ್ಳರ ತಂಡ. ಬಾಸ್ಕೆಟ್‌ಬಾಲ್ ಲೆಕ್ಕದಲ್ಲಿ ಕುಳ್ಳರು ಅನ್ನಿ; ಆರಂಭದ ಐವರಲ್ಲಿ ಯಾರೂ ಆರೂವರೆ ಅಡಿ ಮುಟ್ಟುತ್ತಿರಲಿಲ್ಲ. ಆದರೆ ವಾಲ್ಟ್ ಹ್ಯಾಜರ್ಡ್, ಗೇಲ್ ಗುಡ್‌ರಿಚ್ ಎಂಬ ಇಬ್ಬರು ಚುರುಕು ಹುಡುಗರಿದ್ದರು. ಎದುರಾಳಿ ಚೆಂಡು ಒಳಗೆ ಹಾಕಿದ ಕೂಡಲೇ ಇಡೀ ಅಂಕಣದಲ್ಲಿ ಸುತ್ತುವರಿದು ಉಸಿರುಗಟ್ಟಿಸೋಣ ಎಂದು ಸಹಾಯಕ ಕೋಚ್ ಜೆರ್ರಿ ನಾರ್ಮನ್ ಒತ್ತಾಯಿಸಿದರು. ವುಡನ್ ಒಪ್ಪಿದರು. 30 ಪಂದ್ಯ, 30 ಗೆಲುವು. ಇಲ್ಲಿ ಯಾರು ಯಾರನ್ನು ಬೆಳೆಸಿದರು? ಆ ಯೋಜನೆ ಆ ಕಾಲುಗಳಿಗೆ ಹೊಂದಿತು. ನಿಧಾನದ ಹುಡುಗರಾಗಿದ್ದರೆ ಅದೇ ಯೋಜನೆ ತಿರುಗಿಬೀಳುತ್ತಿತ್ತು.

ಆ ಗೆಲುವುಗಳ ಸದ್ದು ಕೇಳಿಯೇ ನ್ಯೂಯಾರ್ಕಿನ ಒಬ್ಬ ಹುಡುಗ ದೇಶದ ಆ ತುದಿಯಿಂದ ಈ ತುದಿಗೆ ಬಂದ. ಹೆಸರು ಲ್ಯೂ ಅಲ್ಸಿಂಡರ್, ಎತ್ತರ ಏಳಡಿಗೂ ಹೆಚ್ಚು. ಹೈಸ್ಕೂಲಿನಲ್ಲಿ ಅವನ ತಂಡ ಸತತ 71 ಪಂದ್ಯ ಗೆದ್ದಿತ್ತು. ಆದರೆ ಅಲ್ಲಿನ ಕೋಚ್ ಒಂದು ಪಂದ್ಯದ ನಡುವೆ ಅವನಿಗೆ ಕಪ್ಪು ಜನರನ್ನು ಹೀಯಾಳಿಸುವ ಮಾತು ಬಳಸಿ ಬೈದಿದ್ದರು. ಚೆನ್ನಾಗಿ ಆಡಲಿ ಎಂದು ಕೆಣಕಿದ್ದಂತೆ. ಹುಡುಗನಿಗೆ ಅದು ವರ್ಷಗಟ್ಟಲೆ ಮರೆಯಲಾಗಲಿಲ್ಲ. ಹುರಿದುಂಬಿಸಲು ಬೈಯ್ಯುವುದು ಅನ್ನುವ ಮೇಷ್ಟ್ರುಗಳು ಎಲ್ಲ ಊರಿನಲ್ಲೂ ಇರುತ್ತಾರೆ.

ಆಗ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. 1965ರ ನವೆಂಬರಿನಲ್ಲಿ ಯುಸಿಎಲ್‌ಎಯ ಹೊಸ ಒಳಾಂಗಣ ಶುರುವಾದಾಗ ಮೊದಲ ವರ್ಷದ ಹುಡುಗರಿಗೂ ಸೀನಿಯರ್‌ಗಳಿಗೂ ಪಂದ್ಯ ಇಟ್ಟರು. ಸೀನಿಯರ್‌ಗಳು ಎರಡು ಬಾರಿಯ ರಾಷ್ಟ್ರೀಯ ಚಾಂಪಿಯನ್ ತಂಡ. ಹುಡುಗರು 75-60ರಿಂದ ಗೆದ್ದರು. ಅಲ್ಸಿಂಡರ್ ಒಬ್ಬನೇ 31 ಅಂಕ.

ಇಂಥ ಎತ್ತರದವನನ್ನು ವುಡನ್ ಹಿಂದೆ ಆಡಿಸಿದವರಲ್ಲ. 55 ದಾಟಿದ ಮೇಲೆ ತಮ್ಮ ಹಳೆಯ ಆಟದ ಕ್ರಮವನ್ನು ಬಿಟ್ಟು, ರಿಂಗಿನ ಹತ್ತಿರ ನಿಲ್ಲುವ ಒಬ್ಬನ ಸುತ್ತ ಹೊಸದಾಗಿ ಕಟ್ಟಿದರು. ಇದು ನನಗೆ ಸಾಕ್ಸ್ ಪಾಠಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1967ರಲ್ಲಿ ಮತ್ತೆ 30ಕ್ಕೆ 30.

ಅದೇ ವರ್ಷ ಕಾಲೇಜು ಆಟದಲ್ಲಿ ಡಂಕ್ ನಿಷೇಧವಾಯಿತು. ಡಂಕ್ ಅಂದರೆ ನೆಗೆದು ಚೆಂಡನ್ನು ಕೈಯಿಂದಲೇ ರಿಂಗಿನೊಳಗೆ ಗುದ್ದುವುದು. ಇದು ಅಲ್ಸಿಂಡರ್‌ನನ್ನು ತಡೆಯಲು ಮಾಡಿದ ನಿಯಮ ಎಂದೇ ಜನ ಕರೆದರು. ಇದರಿಂದ ನೀನು ಇನ್ನೂ ಒಳ್ಳೆಯ ಆಟಗಾರನಾಗುತ್ತೀಯ ಎಂದರು ವುಡನ್. ಅವನು ಪಕ್ಕಕ್ಕೆ ತಿರುಗಿ, ಒಂದೇ ಕೈ ತಲೆಯ ಮೇಲೆತ್ತಿ ಚೆಂಡು ಬಿಡುವ ಹುಕ್ ಶಾಟನ್ನು ತೀಡುತ್ತಾ ಹೋದ. ಮುಂದೆ ಆ ಸ್ಕೈಹುಕ್ ಜಗತ್ತಿಗೇ ಗೊತ್ತಾಯಿತು. ಕರೀಂ ಅಬ್ದುಲ್ ಜಬ್ಬಾರ್ ಎಂಬ ಹೆಸರು ಕೇಳಿದ್ದೀರಲ್ಲ? ಇವನೇ ಅವರು. ಎನ್‌ಬಿಎಯಲ್ಲಿ ಅವರು ಗಳಿಸಿದ 38,387 ಅಂಕಗಳ ದಾಖಲೆ ಮುರಿಯಲು 2023 ಬರಬೇಕಾಯಿತು.

ಮುಖ್ಯ ತಂಡದಲ್ಲಿ ಮೂರು ವರ್ಷ, 88 ಗೆಲುವು, ಎರಡೇ ಸೋಲು, ಮೂರು ಪ್ರಶಸ್ತಿ. ಒಂದು ಸೋಲು 1968ರ ಜನವರಿಯಲ್ಲಿ ಹ್ಯೂಸ್ಟನ್ ತಂಡದ ಎದುರು, 52 ಸಾವಿರಕ್ಕೂ ಹೆಚ್ಚು ಜನರ ಮುಂದೆ, 71-69. ಅಲ್ಸಿಂಡರ್‌ನ ಕಣ್ಣಿಗೆ ಗೀರಿನ ಗಾಯವಾಗಿತ್ತು. ಎರಡು ತಿಂಗಳ ನಂತರ ಸೆಮಿಫೈನಲ್‌ನಲ್ಲಿ ಅದೇ ತಂಡವನ್ನು 101-69ರಿಂದ ಬಡಿದರು.

ಅಂಕಣದ ಹೊರಗೆ ಕಥೆ ಇಷ್ಟು ಸಲೀಸಲ್ಲ. ಹುಡುಗ ಇಸ್ಲಾಂ ಸ್ವೀಕರಿಸಿದ, ಕಪ್ಪು ಜನರ ಸ್ಥಿತಿ ಖಂಡಿಸಿ 1968ರ ಒಲಿಂಪಿಕ್ಸ್‌ಗೆ ಹೋಗಲಿಲ್ಲ. ಕೋಚ್ ಬೈಬಲ್ ಓದುವ ಹಳ್ಳಿಗಾಡಿನ ಬಿಳಿಯ. ಇಬ್ಬರಿಗೂ ಒಬ್ಬರನ್ನೊಬ್ಬರು ಅರಿಯಲು ಆಟ ಮುಗಿದ ಮೇಲೂ ದಶಕಗಳು ಬೇಕಾದವು. 2017ರಲ್ಲಿ ಜಬ್ಬಾರ್ ಆ ಗೆಳೆತನದ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಬರೆದರು. ಕ್ಲಾರೆನ್ಸ್ ವಾಕರ್‌ಗಾಗಿ ಟೂರ್ನಿ ಬಿಟ್ಟವರು ಇದೇ ಕೋಚ್ ಎಂಬುದು ಅವರಿಗೆ ಸಣ್ಣ ವಿಷಯವಾಗಿರಲಾರದು.

ವುಡನ್ ದೇವರೇನಲ್ಲ. ಅದೇ ಕಾಲದಲ್ಲಿ ಸ್ಯಾಮ್ ಗಿಲ್ಬರ್ಟ್ ಎಂಬ ಶ್ರೀಮಂತ ಬಿಲ್ಡರ್ ಯುಸಿಎಲ್‌ಎ ಆಟಗಾರರಿಗೆ ನಿಯಮ ಮೀರಿ ನೆರವು ಕೊಡುತ್ತಿದ್ದದ್ದು ಆಮೇಲೆ ಬಯಲಾಯಿತು. ವುಡನ್ ನಿವೃತ್ತರಾದ ಮೇಲೆ 1981ರಲ್ಲಿ ಕಾಲೇಜಿಗೆ ಶಿಕ್ಷೆಯೂ ಆಯಿತು. ಕೋಚ್ ಇನ್ನೂ ಗಟ್ಟಿಯಾಗಿ ವಿಚಾರಿಸಬೇಕಿತ್ತು ಎನ್ನುವವರ ಮಾತನ್ನು ತಳ್ಳಿಹಾಕಲು ನನಗೆ ಆಗುವುದಿಲ್ಲ.

ಈಗ ಇನ್ನೊಂದು ಬದಿ. ವುಡನ್ ಬಿಟ್ಟುಬಂದ ಇಂಡಿಯಾನಾ ಸ್ಟೇಟ್‌ಗೆ ಮುಂದೆ ಲ್ಯಾರಿ ಬರ್ಡ್ ಬಂದ. ಬಡ ಮನೆಯ, ಸಣ್ಣ ಊರಿನ ಹುಡುಗ. ಮೊದಲು ಹೆಸರಾಂತ ಕೋಚ್ ಬಾಬಿ ನೈಟ್ ಇದ್ದ ದೊಡ್ಡ ವಿಶ್ವವಿದ್ಯಾಲಯಕ್ಕೆ ಸೇರಿದ್ದ. ಆ ಜನಜಂಗುಳಿ ಒಗ್ಗದೆ ಒಂದು ತಿಂಗಳೊಳಗೆ ಮನೆಗೆ ಓಡಿಬಂದ, ಊರಿನಲ್ಲಿ ಕಸದ ಗಾಡಿಯಲ್ಲಿ ಕೆಲಸ ಮಾಡಿದ. ಇಂಡಿಯಾನಾ ಸ್ಟೇಟ್‌ನವರು ಹುಡುಕಿಕೊಂಡು ಹೋಗಿ ಕರೆತಂದರು. 1978ರಲ್ಲಿ ಮುಖ್ಯ ಕೋಚ್‌ಗೆ ಆರೋಗ್ಯ ಕೆಟ್ಟು, ಸಹಾಯಕ ಬಿಲ್ ಹಾಜಸ್ ಆ ಜಾಗಕ್ಕೆ ಬಂದರು. ಮೊದಲ ವರ್ಷವೇ ಸತತ 33 ಗೆಲುವು! ಫೈನಲ್‌ನಲ್ಲಿ ಮಾತ್ರ ಮ್ಯಾಜಿಕ್ ಜಾನ್ಸನ್ ತಂಡಕ್ಕೆ ಸೋತರು. ಹಾಜಸ್ ವರ್ಷದ ಕೋಚ್ ಎನಿಸಿಕೊಂಡರು. ಬರ್ಡ್ ಹೋದ, ತಂಡ ಕುಸಿಯಿತು. 1982ಕ್ಕೆ ಹಾಜಸ್ ಕೆಲಸವೂ ಹೋಯಿತು.

ವುಡನ್ ಹಾಗಾಗಲಿಲ್ಲ. ಅಲ್ಸಿಂಡರ್ ಹೋದ ಮೇಲೂ 1970, 1971ರಲ್ಲಿ ಗೆದ್ದರು. ಆಮೇಲೆ ಬಿಲ್ ವಾಲ್ಟನ್ ಬಂದ. ವಿಯೆಟ್ನಾಂ ಯುದ್ಧದ ವಿರುದ್ಧ ಪ್ರತಿಭಟಿಸಿ ಪೊಲೀಸರ ಕೈಗೆ ಸಿಕ್ಕ ಹುಡುಗ. ಒಮ್ಮೆ ಉದ್ದ ಕೂದಲು ಬಿಟ್ಟುಕೊಂಡು ಅಭ್ಯಾಸಕ್ಕೆ ಬಂದು, ಇದು ನನ್ನ ಹಕ್ಕು ಎಂದ. ಹಕ್ಕೇನೋ ಸರಿ, ಆದರೆ ನೀನಿಲ್ಲದೆ ನಮಗೆ ಬೇಸರವಾಗುತ್ತದೆ ಎಂಬರ್ಥದ ಉತ್ತರ ಕೊಟ್ಟರು ವುಡನ್. ದೇಶದ ನಂಬರ್ ಒನ್ ಆಟಗಾರ ಸೈಕಲ್ ಹತ್ತಿ ಕ್ಷೌರದ ಅಂಗಡಿಗೆ ಓಡಿದ. 1973ರ ಫೈನಲ್‌ನಲ್ಲಿ 22 ಸಲ ಎಸೆದು 21 ಸಲ ರಿಂಗಿಗೆ ಹಾಕಿದವನು ಅವನೇ.

ವಾಲ್ಟನ್ ಹೋದ ಮರುವರ್ಷ, 1975ರಲ್ಲಿ, ಕೊನೆಯ ಪ್ರಶಸ್ತಿ ಗೆದ್ದು ವುಡನ್ ನಿವೃತ್ತರಾದರು. ಅಲ್ಲಿಂದ ಮುಂದಿನ ಪ್ರಶಸ್ತಿಗೆ ಯುಸಿಎಲ್‌ಎ 20 ವರ್ಷ ಕಾಯಿತು. ವುಡನ್ 2010ರ ಜೂನ್‌ನಲ್ಲಿ, 99ರ ವಯಸ್ಸಿನಲ್ಲಿ ತೀರಿಕೊಂಡರು. ಕೂದಲು ಕತ್ತರಿಸಿಕೊಂಡ ಆ ವಾಲ್ಟನ್, ತಾನೇ ಅಜ್ಜನಾಗುವ ವಯಸ್ಸಿನಲ್ಲೂ ಅವರಿಗೆ ಫೋನ್ ಮಾಡುವುದನ್ನು ಬಿಟ್ಟಿರಲಿಲ್ಲ.